ಎರಡನೇ ದರ್ಜೆ, ಒಂದು ನಕ್ಷತ್ರ

ಹಳೆಯದನ್ನೆಲ್ಲ ಪಟ್ಟಿ ಮಾಡಿಡುವ ಹುಚ್ಚು ಇಂಗ್ಲೆಂಡಿನವರಿಗೆ ಸ್ವಲ್ಪ ಜಾಸ್ತಿ. ಅರಮನೆ, ಚರ್ಚು ಸರಿ, ಕೆಂಪು ಟೆಲಿಫೋನ್ ಗೂಡು, ಮೈಲಿಗಲ್ಲು, ಕೊನೆಗೆ ಲಂಡನ್ನಿನ ಅಬ್ಬೆ ರೋಡಿನಲ್ಲಿ ಜನ ರಸ್ತೆ ದಾಟುವ ಜೀಬ್ರಾ ಕ್ರಾಸಿಂಗೂ ಅದರಲ್ಲಿದೆ. ಪಟ್ಟಿಗೆ ಸೇರಿದ್ದನ್ನು ಅಪ್ಪಣೆಯಿಲ್ಲದೆ ಕೆಡವುವಂತಿಲ್ಲ, ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. ಬಹುಪಾಲಿನವು ಎರಡನೇ ದರ್ಜೆ. ಅವುಗಳಲ್ಲಿ ಹೆಚ್ಚು ಮುಖ್ಯವಾದ ಒಂದಿಷ್ಟಕ್ಕೆ, ಹೋಟೆಲಿಗೆ ಕೊಟ್ಟ ಹಾಗೆ, ನಕ್ಷತ್ರ!

ಅಂಥ ನಕ್ಷತ್ರ ಒಬ್ಬ ಆಳುಮಗನ ಸಮಾಧಿಗೂ ಸಿಕ್ಕಿದೆ. ಊರು ಹೆನ್‌ಬರಿ. ಈಗ ಬ್ರಿಸ್ಟಲ್ ನಗರದೊಳಗೆ ಸೇರಿಹೋಗಿದೆ, ಆಗ ಹಳ್ಳಿ. ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ತಲೆ ಕಡೆಗೊಂದು ಕಲ್ಲು, ಕಾಲ ಕಡೆಗೊಂದು. ಎರಡಕ್ಕೂ ಬಣ್ಣ ಬಳಿದಿದೆ. ಮೇಲೆ ರೆಕ್ಕೆಯಿರುವ ಪುಟ್ಟ ದೇವದೂತರು. ಅವರ ಮುಖ ಕಪ್ಪು.

ಮಲಗಿರುವವನು ಸಿಪಿಯೋ ಆಫ್ರಿಕಾನಸ್. ಸಫೊಕ್‌ನ ಅರ್ಲ್ (ಅಲ್ಲಿನ ದೊಡ್ಡ ಮನೆತನದವರ ಬಿರುದು) ಚಾರ್ಲ್ಸ್ ವಿಲಿಯಂ ಹೋವರ್ಡನ ಮನೆಯ ಸೇವಕ. 1720ರ ಡಿಸೆಂಬರ್ 21ರಂದು ತೀರಿಕೊಂಡಾಗ 18 ವರ್ಷ. ಹೆಸರೂ ಅವನದಲ್ಲ, ಹ್ಯಾನಿಬಾಲನನ್ನು ಸೋಲಿಸಿದ ರೋಮಿನ ಸೇನಾಪತಿಯದು. ಗುಲಾಮ ಹುಡುಗರಿಗೆ ಇಂಥ ಭಾರೀ ಹೆಸರಿಡುವುದು ಆಗಿನ ದೊಡ್ಡ ಮನೆಗಳ ಮೋಜು. ಹೆತ್ತವಳು ಕರೆದ ಹೆಸರಿಗೆ ಕಲ್ಲಿನಲ್ಲಿ ಜಾಗವಿಲ್ಲ.

ಕಾಲ ಕಡೆಯ ಕಲ್ಲಿನಲ್ಲಿ ಒಂದು ಪದ್ಯ. ಮಾತಾಡುವವನು ಹುಡುಗನೇ. ಹುಟ್ಟಿದ್ದು ಗುಲಾಮನಾಗಿ, ಈಗ ಕ್ರೈಸ್ತನಾಗಿ ಸುಖವಾಗಿ ಮಲಗಿದ್ದೇನೆ ಅನ್ನುತ್ತಾನೆ. ಮೈ ಕಪ್ಪಾದರೇನು, ದೇವರ ನೋಟ ಬಿದ್ದರೆ ಬೆಳಕಾಗುತ್ತದಂತೆ. ಭೂಮಿಯ ಒಡೆಯ ತೋರಿದ ಕೃಪೆಯೇ ಸ್ವರ್ಗದ ಒಡೆಯನಿಗೆ ಶಿಫಾರಸಂತೆ. ಸತ್ತ ಆಳಿನ ಬಾಯಲ್ಲಿ ಧಣಿಯ ಹೊಗಳಿಕೆ, ಹೇಗಿದೆ ನೋಡಿ! ಆದರೂ ಸುಮ್ನೆ ನಕ್ಕು ಮುಂದೆ ಹೋಗಲು ನನ್ನಿಂದಾಗದು. ಬ್ರಿಸ್ಟಲ್‌ನ ಹಡಗುಗಳು ಆಫ್ರಿಕಾದ ಜನರನ್ನು ಸರಕಿನಂತೆ ಸಾಗಿಸುತ್ತಿದ್ದ ಕಾಲವದು. ಅವರಲ್ಲಿ ಎಷ್ಟು ಮಂದಿಗೆ ಹೆಸರು ಕೆತ್ತಿದ ಕಲ್ಲು ಸಿಕ್ಕೀತು? ಆ ಮನೆಯಲ್ಲಿ ಯಾರಿಗೋ ಈ ಹುಡುಗನ ಮೇಲೆ ನಿಜಕ್ಕೂ ಅಕ್ಕರೆ ಇದ್ದಿರಬೇಕು.

2020ರ ಜೂನ್‌ನಲ್ಲಿ ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್ಸ್ಟನ್‌ನ ಪ್ರತಿಮೆಯನ್ನು ಬ್ರಿಸ್ಟಲ್‌ನ ಜನ ಎಳೆದು ಕೆಡವಿ ನೀರಿಗೆ ನೂಕಿದರು. ಸಿಟ್ಟಾದ ಯಾರೋ ಸೇಡು ತೀರಿಸಿಕೊಂಡದ್ದು ಯಾರ ಮೇಲೆ? ಸತ್ತು ಮುನ್ನೂರು ವರ್ಷವಾಗುತ್ತಿದ್ದ ಈ ಹುಡುಗನ ಮೇಲೆ. ಕಲ್ಲು ಒಡೆದರು. ಪ್ರತಿಮೆ ವಾಪಸ್ ನಿಲ್ಲಿಸಿ ಅಂತ ಚಾಕ್‌ಪೀಸಿನಲ್ಲಿ ಗೀಚಿಹೋದರು. ನಕ್ಷತ್ರ ಕಾವಲು ಕಾಯಲಿಲ್ಲ. ಆಮೇಲೆ ರಿಪೇರಿಗೆ ಜನರೇ ದುಡ್ಡು ಸೇರಿಸಿದರು.

ಅರ್ಲ್ ತೀರಿಕೊಂಡಿದ್ದು 1722ರಲ್ಲಿ, ಆಳು ಹೋದ ಎರಡು ವರ್ಷದೊಳಗೇ. ಆ ಧಣಿಯ ಹೆಸರು ಇವತ್ತು ನಮ್ಮಂಥ ದೂರದವರ ಬಾಯಿಗೆ ಬರುವುದು ಈ ಕಲ್ಲಿನ ಮೇಲೆ ಇದೆ ಅನ್ನುವ ಕಾರಣಕ್ಕೆ. ಶಿಫಾರಸು ಈಗ ಹುಡುಗನದು.