ಸ್ಪಷ್ಟನೆ: 15 ದಿನದಲ್ಲಿ ಹೊಸ ಮೂಳೆ ಬೆಳೆಯುವುದಿಲ್ಲ

ವಿರಾಜಪೇಟೆ, ಸೋಮವಾರಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಮುರಿದ ಮೂಳೆಯನ್ನು 3ಡಿ ಪ್ರಿಂಟರ್‌ನಲ್ಲಿ ಪ್ರಿಂಟ್ ಮಾಡಿ, ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ತುಂಬಿ ಕೂರಿಸಿದರೆ 15 ದಿನದಲ್ಲಿ ಹೊಸ ಮೂಳೆ ಬರುತ್ತದಂತೆ. ರಾಡ್, ಪ್ಲೇಟ್ ಏನೂ ಬೇಡವಂತೆ. ಇದು ತಪ್ಪು.

ಆ ಮೆಸೇಜ್ ಜೊತೆಗಿರುವ ಫೋಟೋದಲ್ಲಿನ ಬಿಳಿ ಜಾಲರಿ ಮೂಳೆಯೇ ಅಲ್ಲ. ಇಂಥವನ್ನು ಸಾಮಾನ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್‌ನಿಂದಲೋ, ದೇಹದೊಳಗೆ ನಿಧಾನವಾಗಿ ಕರಗುವ ಪ್ಲಾಸ್ಟಿಕ್‌ನಿಂದಲೋ ಮಾಡುತ್ತಾರೆ. ತುಂಬ ಸಣ್ಣ ಸಣ್ಣ ರಂಧ್ರಗಳು, ಹೆಚ್ಚಿನವು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಮೆಣಸಿನ ಬಳ್ಳಿಗೆ ಸಿಲ್ವರ್ ಮರ ಇದ್ದ ಹಾಗೆ, ಅದು ಬರೀ ಆಸರೆ. ಮೂಳೆಯ ಮಜ್ಜೆಯಿಂದಲೋ ಕೊಬ್ಬಿನಿಂದಲೋ ತೆಗೆದ ಜೀವಕೋಶಗಳು ಅಲ್ಲಿ ನೆಲೆಸಿ ಮೂಳೆ ಕಟ್ಟಬೇಕು. ಒಳಗಿನವರೆಗೆ ರಕ್ತನಾಳ ಬೆಳೆಯದಿದ್ದರೆ ಆ ಕೋಶಗಳು ಸಾಯುತ್ತವೆ. ದೊಡ್ಡ ತೊಡಕು ಇದೇ. ಎಲ್ಲ ಸರಿಹೋದರೂ ತಿಂಗಳುಗಟ್ಟಲೆ ಹಿಡಿಯುತ್ತದೆ.

ಸಂಶೋಧನೆ ನಿಜ, ತುಂಬ ಭರವಸೆಯದ್ದೂ ಹೌದು. ಆದರೆ ಅದರ ಗುರಿ ಗಡ್ಡೆ ತೆಗೆದಾಗ ಅಥವಾ ಅಪಘಾತದಲ್ಲಿ ಮೂಳೆಯ ತುಂಡೇ ಹೋದಾಗ ಉಳಿಯುವ ದೊಡ್ಡ ಖಾಲಿ ಜಾಗ. ಸಾಮಾನ್ಯ ಮುರಿತ ಸರಿಯಾಗಿ ಕೂರಿಸಿದರೆ ತಾನೇ ಕೂಡಿಕೊಳ್ಳುತ್ತದಲ್ವಾ?

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ, ಅಂದರೆ ಚಿಕಿತ್ಸೆಯನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಪ್ರಯೋಗದಲ್ಲಿ, ಮಾತ್ರ. ಯಾರಾದರೂ ಅಡ್ವಾನ್ಸ್ ಕೇಳಿದರೆ ಕೊಡಬೇಡಿ.

ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದವರು ಇದನ್ನು ನಂಬಿ ಆಪರೇಷನ್ ಮುಂದೂಡಿದರೆ ಮೂಳೆ ಸೊಟ್ಟ ಕೂಡಿಕೊಳ್ಳಬಹುದು. ನನಗೆ ಜಾಸ್ತಿ ಭಯ ಅದೇ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಆಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.