ಮೊದಲು ಬಾನೆಟ್ ಎತ್ತಿ ನೋಡ್ರಪ್ಪಾ

ಎದುರುಮನೆ ರಾಯರು ಇವತ್ತು ಬೆಳಿಗ್ಗೆ ಹಳೇ ಕಾರನ್ನು ಹೊಸದರ ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟರು. 2012ರ ಗಾಡಿ. ಮೈಮೇಲೆ ಒಂದು ಗೀರಿಲ್ಲ. ರಾಯರು ಶನಿವಾರ ಶನಿವಾರ ಅದನ್ನು ಒರೆಸುತ್ತಿದ್ದ ವೈಖರಿ ನಮ್ಮ ಬೀದಿಗೆಲ್ಲ ಗೊತ್ತು. ತಗೊಳ್ಳಲು ಬಂದಿದ್ದ ಹುಡುಗ ಕೈಯಲ್ಲೊಂದು ಟ್ಯಾಬ್ ಹಿಡಿದುಕೊಂಡು ಸ್ಟಾರ್ಟ್ ಮಾಡಿದ, ಎ.ಸಿ. ಹಾಕಿದ, ಸ್ಟೇರಿಂಗ್ ಮೇಲೆ ಅಂಗೈ ಇಟ್ಟ, "ವೈಬ್ರೇಷನ್ ಜಾಸ್ತಿ ಇದೆ ಸರ್" ಅಂದ. ಆ ಒಂದು ಮಾತಿಗೆ ಇಪ್ಪತ್ತೈದು ಸಾವಿರ ಇಳಿಯಿತು. ನಾನು ಹಾಲಿನ ಪ್ಯಾಕೆಟ್ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ತಡೆಯಲಾಗಲಿಲ್ಲ. "ರಾಯರೇ, ಯಾರಾದ್ರೂ ಬಾನೆಟ್ ಎತ್ತಿ ಮೌಂಟಿಂಗ್ ನೋಡಿದ್ರಾ?" ಅಂತ ಕೇಳಿದೆ. ಮೌಂಟಿಂಗ್ ಅಂದರೆ ಇಂಜಿನ್ ಕೂರುವ ರಬ್ಬರ್ ತುಂಡು. "ಏನು ನೋಡೋದಮ್ಮ, ಸರ್ವಿಸ್‌ನವರೇ ಹೇಳಿದ್ರಲ್ಲ, ಗಾಡಿಗೆ ವಯಸ್ಸಾಯ್ತು ಅಂತ" ಅಂದರು. ಆಗಲೇ ಸಹಿ ಆಗಿತ್ತು.

ಆಗಿನಿಂದ ತಲೆ ಕೆಟ್ಟು ಕೂತಿದ್ದೇನೆ. ತಿಂಡಿಗೆ ಉಪ್ಪಿಟ್ಟು ಮಾಡಲು ಹೋಗಿ ಅದಕ್ಕೆ ಉಪ್ಪು ಹಾಕಲಿಲ್ಲ. ಈ ಬರಹ ಉದ್ದ ಆಗುತ್ತದೆ, ಈಗಲೇ ಹೇಳಿಬಿಡುತ್ತೇನೆ.

ಯಾಕೆ ಇಷ್ಟು ಸಿಟ್ಟು ಅಂದರೆ, ಇದೇ ಮಾತನ್ನು ನನಗೂ ಹೇಳಿದ್ದರು. ನನ್ನ ಬಿಳಿ ಡಬ್ಬ ನಿಮಗೆಲ್ಲ ಗೊತ್ತಲ್ಲ, ಬ್ಯಾಂಕಿಗೆ ಹೋಗುವ ಕಾಲದಿಂದ ಓಡಿಸುತ್ತಿರುವುದು, ಮೂರು ಸಿಲಿಂಡರಿನದು. ಕಳೆದ ಬೇಸಿಗೆಯಿಂದ ಸಿಗ್ನಲ್‌ನಲ್ಲಿ ಎ.ಸಿ. ಹಾಕಿಕೊಂಡು ನಿಂತರೆ ಸೀಟು, ಕನ್ನಡಿ, ಡ್ಯಾಷ್‌ಬೋರ್ಡ್ ಮೇಲಿನ ಗಣಪ ಎಲ್ಲ ನಡುಗುತ್ತಿದ್ದವು. ಮೊದಲನೇ ಗೇರಲ್ಲಿ ಕ್ಲಚ್ ಬಿಟ್ಟರೆ ಒಳಗಿಂದ ಒಂದು ಗುದ್ದು. ರಿವರ್ಸಿಗೆ ಹಾಕಿದರೆ ಇನ್ನೊಂದು. ಸರ್ವಿಸ್‌ಗೆ ಬಿಟ್ಟೆ. ಅಡ್ವೈಸರ್ ಹುಡುಗನ ಮೊದಲ ಪ್ರಶ್ನೆ, "ಸರ್ ಬಂದಿಲ್ವಾ ಮೇಡಂ?" ಸರ್‌ಗೆ ನಮ್ಮ ಕಾರಿನ ಸ್ಟೆಪ್ನಿ ಎಲ್ಲಿದೆ ಅಂತಲೂ ಗೊತ್ತಿಲ್ಲ ಅಂತ ಹೇಳಬೇಕು ಅನ್ನಿಸಿತು, ಮನೆ ಮರ್ಯಾದೆ ಪ್ರಶ್ನೆ, ಸುಮ್ಮನಾದೆ. ಪ್ಲಗ್ ಬದಲಾಯಿಸಿದರು. ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. ಇಂಜೆಕ್ಟರ್ ಕ್ಲೀನಿಂಗ್ ಅಂತ ಒಂದು ಸಾಲು, ಅದಕ್ಕೊಂದು ಜಿ.ಎಸ್.ಟಿ. ಗಾಡಿ ಹೊರಗೆ ಬಂತು, ಗಣಪ ಮತ್ತೆ ನಡುಗಿದ. ವಾಪಸ್ ಹೋಗಿ ಕೇಳಿದರೆ, "ಮೂರು ಸಿಲಿಂಡರ್ ಅಲ್ವಾ ಮೇಡಂ, ಹಂಗೇ ಇರುತ್ತೆ. ಗಾಡಿಗೂ ವಯಸ್ಸಾಯ್ತು. ಈ ತಿಂಗಳು ಎಕ್ಸ್‌ಚೇಂಜ್ ಬೋನಸ್ ಚೆನ್ನಾಗಿದೆ."

ನೋಡಿ, ಬಿಲ್ಲಿನಲ್ಲಿ ಅಷ್ಟು ಸಾಲು ಇದ್ದವು. ಇಂಜಿನ್ ಯಾವುದರ ಮೇಲೆ ಕೂತಿದೆಯೋ ಆ ರಬ್ಬರನ್ನು ಒಬ್ಬನೂ ಬಗ್ಗಿ ನೋಡಿರಲಿಲ್ಲ.

ಮೂರು ಸಿಲಿಂಡರ್ ಅಂದರೆ ನಡುಕ ಸ್ವಲ್ಪ ಜಾಸ್ತಿ, ಅದು ಸುಳ್ಳಲ್ಲ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, 180 ಡಿಗ್ರಿ ತಿರುಗುವಷ್ಟರಲ್ಲಿ ಒಂದು ಸಲ ಇಂಧನ ಉರಿದು ಗುದ್ದು ಬೀಳುತ್ತದೆ, ಮೂರರದರಲ್ಲಿ 240 ಡಿಗ್ರಿಗೆ ಒಂದು ಸಲ. ಸುಮ್ಮನೆ ನಿಂತಾಗ ಇಂಜಿನ್ 800 ಆರ್‌ಪಿಎಂನಲ್ಲಿದ್ದರೆ ಸೆಕೆಂಡಿಗೆ 20 ಗುದ್ದು. ಅದರ ಮೇಲೆ, ಮೂರು ಪಿಸ್ಟನ್ ಸಾಲಾಗಿ ನಿಂತಿರುವುದರಿಂದ ಈ ತುದಿ ಏಳುವಾಗ ಆ ತುದಿ ಇಳಿದು, ಇಂಜಿನ್ ಉದ್ದಕ್ಕೆ ತೂಗಾಡಲು ನೋಡುತ್ತದೆ. ಸರಿ, ಒಪ್ಪಿದೆ. ಆದರೆ ಸ್ವಾಮಿ, ಮಾರುತಿ 800 ಇತ್ತಲ್ಲ, 1983ರ ಡಿಸೆಂಬರಿನಲ್ಲಿ ಬಂದಿದ್ದು, 2014ರ ಜನವರಿಯವರೆಗೂ ತಯಾರಾಗಿದ್ದು, ಅದಕ್ಕಿದ್ದದ್ದೂ ಮೂರೇ ಸಿಲಿಂಡರ್. ಅರ್ಧ ದೇಶ ಅದರಲ್ಲೇ ಮದುವೆ ದಿಬ್ಬಣ ಹೋಯಿತು, ಅದರಲ್ಲೇ ಡ್ರೈವಿಂಗ್ ಕಲಿಯಿತು. ಯಾರ ಹಲ್ಲೂ ಉದುರಲಿಲ್ಲ. ಮೂರು ಸಿಲಿಂಡರ್ ಅಂತ ಗೊತ್ತಿದ್ದೇ ಅದಕ್ಕೆ ತಕ್ಕ ರಬ್ಬರ್ ಕೊಟ್ಟಿರುತ್ತಾರೆ. ಹೋದ ವರ್ಷ ನಡುಗದ ಗಾಡಿ ಈ ವರ್ಷ ನಡುಗಿದರೆ, ನಡುವೆ ಸಿಲಿಂಡರ್ ಏನಾದರೂ ಕಡಿಮೆಯಾಯಿತೇ? ಇಷ್ಟು ಸಣ್ಣ ಲೆಕ್ಕ ಅದು.

ಒಂದು ಕಾಲದಲ್ಲಿ ಇಂಜಿನ್ನನ್ನು ನೇರವಾಗಿ ಚಾಸಿಗೇ, ಅಂದರೆ ಗಾಡಿಯ ಚೌಕಟ್ಟಿಗೇ, ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ಓಡಿಸುವವನ ಬೆನ್ನುಮೂಳೆಯ ಗತಿ ಊಹಿಸಿಕೊಳ್ಳಿ. 1931ರಲ್ಲಿ ಅಮೆರಿಕದ ಪ್ಲಿಮತ್ ಕಾರು "ಫ್ಲೋಟಿಂಗ್ ಪವರ್" ಅಂತ ಹೆಸರಿಟ್ಟುಕೊಂಡು ಬಂತು. ರಬ್ಬರಿನ ಮೇಲೆ ಇಂಜಿನ್ ಕೂರಿಸಿ, ಅದರ ಅಲುಗಾಟ ಅದರಲ್ಲೇ ಮುಗಿಯುವ ಹಾಗೆ ಮಾಡಿದ್ದರು. ಫ್ರಾನ್ಸಿನ ಸಿಟ್ರೋಯೆನ್ ಅದರ ಹಕ್ಕು ಪಡೆದು, ತೇಲುವ ಹಂಸದ ಗುರುತು ಹಾಕಿ ಮಾರಿತು. ರಬ್ಬರ್ ತುಂಡು ಅಂದರೆ ಜಾಹೀರಾತು ಕೊಡುವಷ್ಟು ದೊಡ್ಡ ವಿಷಯ ಆಗ. ಈಗ ನಮ್ಮ ಅಡ್ವೈಸರ್ ಸಾಹೇಬರ ಚೆಕ್‌ಲಿಸ್ಟಿನಲ್ಲಿ ಅದಕ್ಕೊಂದು ಟಿಕ್ ಮಾರ್ಕ್ ಕೂಡ ಇಲ್ಲ. ಕಾರಿಗೆ ಸುಗಂಧ ಹೊಡೆಯುವುದಕ್ಕೆ ಇದೆ.

ನೋಡುವುದು ಕಷ್ಟವೇ ಅಂದರೆ ಅದೂ ಇಲ್ಲ. ನಮ್ಮ ಪೋರ್ಟಿಕೋದಲ್ಲಿ ಮಾಡಿದ್ದು ಹೇಳುತ್ತೇನೆ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟೆ, ಹ್ಯಾಂಡ್‌ಬ್ರೇಕ್ ಎಳೆದೆ, ಬಾನೆಟ್ ಎತ್ತಿದೆ. ನಮ್ಮನೆಯವರನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಬ್ರೇಕ್ ಮೇಲಿಂದ ಕಾಲು ತೆಗೆಯಬೇಡಿ ಅಂತ ಹೇಳಿ, ನಾನು ಪಕ್ಕಕ್ಕೆ ನಿಂತೆ. ಪಕ್ಕಕ್ಕೆ, ಮುಂದಲ್ಲ, ಹಿಂದಲ್ಲ, ಇದನ್ನು ದಯವಿಟ್ಟು ನೆನಪಿಡಿ. ಫಸ್ಟ್ ಗೇರ್ ಹಾಕಿ ಕ್ಲಚ್ಚನ್ನು ಒಂಚೂರು ಬಿಡಿ ಅಂದೆ. ಇಡೀ ಇಂಜಿನ್ ಎದ್ದು ಹಿಂದಕ್ಕೆ ವಾಲಿತು. ರಿವರ್ಸ್ ಹಾಕಿದರೆ ಮುಂದಕ್ಕೆ. ಸ್ವಲ್ಪ ಅಲುಗಾಡುವುದು ಸರಿ, ಇದು ಮಲಗಿದ್ದವರು ಎದ್ದು ಕೂತ ಹಾಗಿತ್ತು. ನಮ್ಮನೆಯವರು ಒಳಗಿಂದ "ಏನೇ ಅದು ಶಬ್ದ" ಅಂತ ಗಾಬರಿಯಾದರು. ಎರಡು ನಿಮಿಷದ ಕೆಲಸ. ಅಷ್ಟು ಬಿಲ್ ಮಾಡಿದವರಿಗೆ ಈ ಎರಡು ನಿಮಿಷ ಇರಲಿಲ್ಲ.

ಮೂರು ಮೌಂಟಿಂಗ್. ಬಲಗಡೆ ಇಂಜಿನ್ನಿಗೆ ಒಂದು, ಎಡಗಡೆ ಗೇರ್‌ಬಾಕ್ಸಿಗೆ ಒಂದು, ಹಿಂದೆ ಕೆಳಗಡೆ ಒಂದು. ಮೊದಲೆರಡು ಭಾರ ಹೊರುತ್ತವೆ, ಹಿಂದಿನದು ಇಂಜಿನ್ ವಾಲದ ಹಾಗೆ ಹಿಡಿದುಕೊಳ್ಳುತ್ತದೆ. ಒಂದು ಹೋದರೆ ಅದರ ಪಾಲು ಉಳಿದೆರಡರ ಮೇಲೆ ಬೀಳುತ್ತದೆ, ಅದಕ್ಕೇ ಮೂರನ್ನೂ ಒಟ್ಟಿಗೆ ತಂದೆ. ಕಂಪನಿಯದೇ ತಂದೆ. ಅರ್ಧ ಬೆಲೆಗೆ ಸಿಗುವ ಲೋಕಲ್ ಮಾಲಿನಲ್ಲಿ ರಬ್ಬರ್ ಕಲ್ಲಿನಷ್ಟು ಗಟ್ಟಿ ಇದ್ದರೆ ನಡುಕ ಮೊದಲಿಗಿಂತ ಜಾಸ್ತಿಯಾಗುತ್ತದೆ. ಮೂರಕ್ಕೂ ಸೇರಿ ನಾಲ್ಕು ಸಾವಿರ ಚಿಲ್ಲರೆ. ರಾಯರಿಗೆ ಇಳಿಸಿದ್ದು ಇಪ್ಪತ್ತೈದು ಸಾವಿರ, ನೆನಪಿರಲಿ.

ಬಿಚ್ಚುವಾಗ ಒಂದೇ ನಿಯಮ, ಒಂದನ್ನು ಹಾಕಿ ಮುಗಿಸುವವರೆಗೆ ಇನ್ನೊಂದಕ್ಕೆ ಕೈ ಹಾಕಬಾರದು. ಇಂಜಿನ್ ತಣ್ಣಗಿರಬೇಕು. ಇಂಜಿನ್ ತಳದಲ್ಲಿರುವ ಆಯಿಲ್ ಚೇಂಬರಿನ ಕೆಳಗೆ ಅಗಲವಾದ ಮರದ ಹಲಗೆ ಇಟ್ಟು ಹೈಡ್ರಾಲಿಕ್ ಜ್ಯಾಕ್ ಕೊಟ್ಟೆ. ಹಲಗೆ ಇಲ್ಲದೆ ಕೊಟ್ಟರೆ ಚೇಂಬರ್ ನಗ್ಗುತ್ತದೆ. ಎತ್ತುವುದು ಬೇಡ, ಭಾರ ಜ್ಯಾಕ್ ಮೇಲೆ ಬಂದರೆ ಸಾಕು. ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿದ್ದೆ, ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಒತ್ತಿದರೆ "ಟಕ್" ಅಂತ ಬಿಟ್ಟುಕೊಂಡವು. ಆ ಶಬ್ದದ ಸುಖ ಯಾವ ಎಕ್ಸ್‌ಚೇಂಜ್ ಬೋನಸ್ಸಿನಲ್ಲೂ ಇಲ್ಲ.

ಬಲಗಡೆಯದು ಕೈಗೆ ಬಂದಾಗ ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಬ್ಬಿಣದ ಬಳೆ, ನಡುವೆ ರಬ್ಬರ್, ಅದರ ನಡುವೆ ಇಂಜಿನ್ ಹಿಡಿಯುವ ಲೋಹದ ಗಟ್ಟಿ. ಆ ಗಟ್ಟಿ ಸರಿಯಾಗಿ ಮಧ್ಯದಲ್ಲಿ ತೂಗಬೇಕು. ನನ್ನದರಲ್ಲಿ ಅದು ಕುಸಿದು ಕೆಳಗಿನ ಬಳೆಗೇ ತಾಗಿತ್ತು. ತಾಗಿದ ಜಾಗ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಅಂದರೆ ಇಷ್ಟು ದಿನ ಕಬ್ಬಿಣ ಕಬ್ಬಿಣಕ್ಕೇ ಬಡಿದು, ಸೆಕೆಂಡಿಗೆ 20ರ ಆ ಗುದ್ದು ನೇರವಾಗಿ ಬಾಡಿಗೆ, ಅಲ್ಲಿಂದ ನನ್ನ ಸೀಟಿಗೆ ಬರುತ್ತಿತ್ತು. ರಬ್ಬರಿನ ಸೀಳಿನೊಳಗೆ ನನ್ನ ಉಗುರು ಪೂರ್ತಿ ಹೋಯಿತು. ಒಂದು ಕಡೆ ಉಬ್ಬಿ ಅಂಟಂಟಾಗಿತ್ತು, ಇಂಜಿನ್ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ, ಪ್ಯಾಕಿಂಗ್ ಹೋಗಿ ಆಯಿಲ್ ಇಳಿದಿದ್ದಕ್ಕೆ. ಆಯಿಲ್ ಬಿದ್ದರೆ ಈ ರಬ್ಬರ್ ಕೊಳೆಯುತ್ತದೆ. ಹಾಗಾಗಿ ಆ ಪ್ಯಾಕಿಂಗನ್ನೂ ಬದಲಾಯಿಸಿದೆ, ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ. ಇಷ್ಟೆಲ್ಲ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು. ಟಾರ್ಚ್ ಬಿಟ್ಟರೆ ಸಾಕಿತ್ತು.

ಹೊಸದು ಹಾಕುವಾಗ ಬೋಲ್ಟಿನ ತೂತು ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಸುತ್ತಿಗೆ ಹಿಡಿಯಬಾರದು. ಜ್ಯಾಕನ್ನು ಒಂದೇ ಒಂದು ಪಂಪ್ ಮೇಲಕ್ಕೆ, ತೂತಿಗೊಂದು ಸ್ಕ್ರೂಡ್ರೈವರ್ ತೂರಿಸಿ ಸ್ವಲ್ಪ ಎಳೆದುಕೊಂಡರೆ ಬೋಲ್ಟ್ ತಾನಾಗಿ ಕೂರುತ್ತದೆ. ಎಲ್ಲ ಬೋಲ್ಟ್‌ಗಳನ್ನೂ ಕೈಯಲ್ಲೇ ಹತ್ತಿಸಿ, ಜ್ಯಾಕ್ ಇಳಿಸಿ, ಇಂಜಿನ್ ತನ್ನ ಭಾರಕ್ಕೆ ತಾನು ಕೂತ ಮೇಲೆಯೇ ಪೂರ್ತಿ ಬಿಗಿ. ಮೊದಲೇ ಬಿಗಿದರೆ ಹೊಸ ರಬ್ಬರ್ ತಿರುಚಿಕೊಂಡೇ ಬದುಕಬೇಕು. ಬಿಗಿಗೆ ಮ್ಯಾನುಯಲ್‌ನಲ್ಲಿ ಕೊಟ್ಟಿರುವ ಲೆಕ್ಕಕ್ಕೆ ಟಾರ್ಕ್ ವ್ರೆಂಚ್, ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್. ಎಡಗಡೆಯದಕ್ಕೆ ಬ್ಯಾಟರಿ, ಏರ್ ಫಿಲ್ಟರ್ ಡಬ್ಬ ಬಿಚ್ಚಬೇಕಾಯಿತು, ಜ್ಯಾಕ್ ಗೇರ್‌ಬಾಕ್ಸಿನ ಕೆಳಗೆ ಹೋಯಿತು, ಉಳಿದದ್ದೆಲ್ಲ ಅದೇ ಕಥೆ.

ಈಗ ಬರುತ್ತೀರಿ, ಗೊತ್ತು. "ಅಕ್ಕ, ಮನೇಲಿ ಇದೆಲ್ಲ ರಿಸ್ಕ್ ಅಲ್ವಾ? ಜ್ಯಾಕ್ ಜಾರಿದ್ರೆ?" ಜಾರಿದರೆ ಸಾಯುತ್ತಾರೆ, ಅದರಲ್ಲಿ ತಮಾಷೆ ಇಲ್ಲ. ಗಾಡಿ ಜೊತೆ ಕೊಡುವ ಜ್ಯಾಕ್ ಟೈರ್ ಬದಲಾಯಿಸಲಿಕ್ಕೆ, ಅದನ್ನು ನಂಬಿ ಕೆಳಗೆ ತಲೆ ಹಾಕಲಿಕ್ಕಲ್ಲ. ಹಿಂದಿನ ಮೌಂಟಿಂಗ್‌ಗೆ ಕೆಳಗೆ ಹೋಗಲೇಬೇಕು, ಅದಕ್ಕೆ ಎರಡು ಕಬ್ಬಿಣದ ಸ್ಟ್ಯಾಂಡ್ ತಂದು, ಗಾಡಿಯನ್ನು ಅದರ ಮೇಲೆ ಕೂರಿಸಿ, ಜೋರಾಗಿ ಅಲ್ಲಾಡಿಸಿ ನೋಡಿಯೇ ಹೋದೆ. ಆದರೂ ನನಗೆ ಕೆಳಗೆ ಮಲಗಿದಾಗ ಪ್ರತಿ ಸಲ ಹೆದರಿಕೆ ಆಗುತ್ತದೆ. ಎದೆ ಹೊಡೆದುಕೊಳ್ಳುವುದು ನನಗೇ ಕೇಳಿಸುತ್ತದೆ. ವಿಷ್ಣು ಸಹಸ್ರನಾಮ ಅರ್ಧ ಹೇಳಿಕೊಂಡು ಬಿಚ್ಚಿದೆ, ಇನ್ನರ್ಧ ಹೇಳಿಕೊಂಡು ಹಾಕಿದೆ. ಸ್ಟ್ಯಾಂಡ್ ಇಲ್ಲದವರು, ನೆಲ ಇಳಿಜಾರಾಗಿರುವವರು ಮೆಕ್ಯಾನಿಕ್ ಹತ್ತಿರ ಹೋಗಿ, ನಾನೇನು ಬೇಡ ಅಂದೆನೇ? ಹತ್ತಿರ ನಿಂತು ಬದಲಾಯಿಸಿಕೊಳ್ಳಿ, ಕೂಲಿ ಕೊಡಿ. "ಮೆಕ್ಯಾನಿಕ್ ಹೊಟ್ಟೆ ಮೇಲೆ ಹೊಡೀತೀರಾ" ಅಂತ ಒಬ್ಬರು ಹೋದ ಸಲ ಬರೆದಿದ್ದರು. ಅಯ್ಯೋ ರಾಮ, ಹಳೇ ಗಾಡಿಯನ್ನೆಲ್ಲ ಎಕ್ಸ್‌ಚೇಂಜಿಗೆ ಹಾಕಿಸಿದರೆ ಆ ಬೀದಿ ಬದಿ ಮೆಕ್ಯಾನಿಕ್ ಯಾವ ಗಾಡಿ ರಿಪೇರಿ ಮಾಡಿ ಹೊಟ್ಟೆ ಹೊರೆಯಬೇಕು?

ಇನ್ನೊಂದು ವಾದ, "ಹದಿನೈದು ವರ್ಷ ಆದ್ರೆ ಗಾಡಿ ಸ್ಕ್ರ್ಯಾಪ್‌ಗೆ ಹಾಕ್ಲೇಬೇಕಂತೆ." ರಾಯರೂ ಇದನ್ನೇ ಅಂದರು. ಅದು ದೆಹಲಿ ಕಡೆಯ ಗಲಾಟೆ, ರಾಯರೇ. ನಮ್ಮ ಕರ್ನಾಟಕದಲ್ಲಿ ಹದಿನೈದು ವರ್ಷ ತುಂಬಿದರೆ ಗಾಡಿ ತೋರಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ, ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ವಾಟ್ಸಾಪ್ ಓದಿ ಕಾರು ಮಾರಬೇಡಿ.

ಹೊಸ ಕಾರು ಕಂಡರೆ ನನಗೆ ಆಸೆ ಇಲ್ಲ ಅಂತ ತಿಳಿಯಬೇಡಿ. ನಾದಿನಿ ಮನೆಯವರು ಸನ್‌ರೂಫ್ ಇರುವ ಗಾಡಿ ತಗೊಂಡಾಗ ಹೋಳಿಗೆ ಊಟ ಹಾಕಿದರು, ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ನನಗೆ. ಹೊಟ್ಟೆಕಿಚ್ಚು ಶುದ್ಧ ಹೊಟ್ಟೆಕಿಚ್ಚು. ದುಡ್ಡಿದ್ದು, ಆಸೆಪಟ್ಟು ತಗೊಳ್ಳಲಿ, ಚೆನ್ನಾಗಿರಲಿ. ನನ್ನ ತಕರಾರು, ನಾಲ್ಕು ಸಾವಿರದ ರಬ್ಬರನ್ನು ಮುಚ್ಚಿಟ್ಟು ಎಂಟು ಲಕ್ಷದ ಸಾಲ ಮಾಡಿಸುತ್ತಾರಲ್ಲ, ಅದರ ಬಗ್ಗೆ. ಪಿಂಚಣಿ ಮೇಲಿರುವ ರಾಯರಿಗೆ ಇ.ಎಂ.ಐ. ಕಟ್ಟಿಸುತ್ತಾರಲ್ಲ, ಅದರ ಬಗ್ಗೆ.

ಮಜಾ ನೋಡಿ. ರಿಪೇರಿಗೆ ಹೋದಾಗ ಆ ನಡುಕ "ವಯಸ್ಸು ಮೇಡಂ, ಏನೂ ಮಾಡಕ್ಕಾಗಲ್ಲ." ಮಾರಲು ಹೋದಾಗ ಅದೇ ನಡುಕಕ್ಕೆ ಟ್ಯಾಬ್‌ನಲ್ಲಿ ಒಂದು ಕಾಲಂ ಇದೆ, ರೇಟ್ ಇದೆ. ನಾಳೆ ಅದೇ ಹುಡುಗರು ರಾಯರ ಗಾಡಿಗೆ ಮೂರು ಮೌಂಟಿಂಗ್ ಹಾಕಿ, ಪಾಲಿಶ್ ಹೊಡೆದು, "ಸಿಂಗಲ್ ಓನರ್, ಇಂಜಿನ್ ಬೆಣ್ಣೆ" ಅಂತ ಬೋರ್ಡ್ ಹಾಕುತ್ತಾರೆ. ಹಾಕದಿದ್ದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ.

ನಮ್ಮದು ಈಗ ಹೇಗಿದೆ ಅಂತ ಕೇಳುವವರಿಗೆ: ಮೊನ್ನೆ ನಂಜನಗೂಡಿಗೆ ಹೋಗಿ ಬಂದೆವು. ರೈಲ್ವೆ ಗೇಟ್ ಹಾಕಿತ್ತು, ಎ.ಸಿ. ಹಾಕಿಕೊಂಡು ನಿಂತಿದ್ದೆವು. ನಮ್ಮನೆಯವರು "ಇಂಜಿನ್ ಆಫ್ ಆಯ್ತೇನೇ?" ಅಂದರು. ಆಗಿರಲಿಲ್ಲ.

ಪಾರ್ಟ್ ನಂಬರ್ ಕೇಳಿ ಇನ್‌ಬಾಕ್ಸಿಗೆ ಬರಬೇಡಿ, ಆರ್‌ಸಿ ತಗೊಂಡು ಹೋಗಿ ಚಾಸಿ ನಂಬರ್ ಹೇಳಿದರೆ ಸ್ಪೇರ್ಸ್ ಅಂಗಡಿಯವರೇ ತೆಗೆದುಕೊಡುತ್ತಾರೆ. ಜ್ಯಾಕ್ ಮತ್ತು ಸ್ಟ್ಯಾಂಡ್ ಬೇಕಾದವರು ಭಾನುವಾರ ಬನ್ನಿ, ಕಾಫಿಯೂ ಸಿಗುತ್ತದೆ. ಸಾಕೆಟ್ ಸೆಟ್ ಮಾತ್ರ ಕೊಡುವುದಿಲ್ಲ. 14ರ ಸಾಕೆಟ್ ತಗೊಂಡು ಹೋದ ನಮ್ಮ ಭಾವನ ಮಗ ಇದನ್ನು ಓದಿ ಲೈಕ್ ಒತ್ತುತ್ತಾನೆ ಅಂತ ಗೊತ್ತು. ಲೈಕ್ ಬೇಡ ಕಣೋ, ಸಾಕೆಟ್ ತಂದುಕೊಡು.