ಸ್ಪಷ್ಟನೆ: ಶಾಲೆಗೆ ಕೈಕೆಲಸ ತಂದ ಪಾದ್ರಿ
ಶಾಲೆಯ ಪಾಠದೊಳಗೆ ಕೈಕೆಲಸವನ್ನು, ಅಂದರೆ ‘ಸ್ಲಾಯ್ಡ್’ ಅನ್ನು, ಮೊದಲು ತಂದವರು ಸ್ವೀಡನ್ನಿನ ಒಟ್ಟೊ ಸಾಲೊಮನ್ ಎಂಬ ಮಾತು ಹರಿದಾಡುತ್ತಿದೆ. ಅದು ಸರಿಯಲ್ಲ. ಅದನ್ನು ಜಗತ್ತಿಗೆ ಹಬ್ಬಿಸಿದವರು ಸಾಲೊಮನ್, ನಿಜ. ಆದರೆ 1866ರಲ್ಲೇ ಫಿನ್ಲೆಂಡಿನ ಜನಶಾಲೆಗಳಲ್ಲಿ ಅದು ಪಾಠವಾಗಿತ್ತು. ಹಾಗೆ ಮಾಡಿಸಿದವರು ಊನೊ ಸಿಗ್ನೇಯಸ್.

ಅವರು ಲೂಥರನ್ ಪಾದ್ರಿ. 1840ರಿಂದ ಐದು ವರ್ಷ ಆಗ ರಷ್ಯಾದ ಕೈಯಲ್ಲಿದ್ದ ಅಲಾಸ್ಕಾದ ಸಿಟ್ಕಾದಲ್ಲಿ ಸೇವೆ ಮಾಡಿದವರು. 1863ರಲ್ಲಿ ಫಿನ್ಲೆಂಡಿನ ಯೂವಾಸ್ಕುಲಾ ಊರಿನ ಶಿಕ್ಷಕರ ತರಬೇತಿ ಶಾಲೆಯ ಮೊದಲ ನಿರ್ದೇಶಕರಾದರು. ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿತ್ತು, ಇದನ್ನು ಮರೆಯಬಾರದು.

ಮಗು ಚಾಕು ಹಿಡಿದು ಮರದ ಸೌಟು ಕೆತ್ತುವುದು ಬಡಗಿಯಾಗಲಿಕ್ಕಲ್ಲ, ಕಣ್ಣು, ಕೈ, ಬುದ್ಧಿ ಒಟ್ಟಿಗೆ ಪಳಗಲಿಕ್ಕೆ ಎಂಬುದು ಅವರ ನಿಲುವು. 1877ರಲ್ಲಿ ಸಾಲೊಮನ್ ಸ್ವತಃ ಫಿನ್ಲೆಂಡಿಗೆ ಹೋಗಿ ಅವರನ್ನು ಕಂಡು ಕಲಿತು ಬಂದರು.